ಟಿಪ್ಪರ್ ಬರುವ ಮೊದಲು: ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಕಸ ಬೇರ್ಪಡಿಸುವ ಕೈಪಿಡಿ

ಎರಡು ವರ್ಷದ ಹಿಂದಿನ ಮಾತು. ಬೆಳಿಗ್ಗೆ ನಮ್ಮ ಓಣಿಗೆ ಕಸದ ಟಿಪ್ಪರ್ ಬಂದಿತ್ತು. ಅದರ ಹಾಡು ಕೇಳಿಸಿದ ಕೂಡಲೇ ಬಾಗಿಲ ಹಿಂದಿದ್ದ ಚೀಲ ಹಿಡಿದು ಓಡಿದೆ. ಇದ್ದದ್ದು ಒಂದೇ ಚೀಲ. ರಾತ್ರಿ ಉಳಿದ ಅನ್ನ, ಬದನೆಕಾಯಿ ತೊಟ್ಟು, ಹಾಲಿನ ಪಾಕೆಟ್, ಹಿಂದಿನ ದಿನ ಕೈಜಾರಿ ಒಡೆದ ಗಾಜಿನ ಲೋಟ, ಎಲ್ಲಾ ಅದರಲ್ಲೇ. ಗಾಡಿ ಪಕ್ಕ ನಿಂತಿದ್ದ ಪೌರಕಾರ್ಮಿಕ ಅಕ್ಕ ಹಸಿ-ಒಣ ಬೇರೆ ಮಾಡೋಣ ಅಂತ ಚೀಲ ಬಿಚ್ಚಿ ಕೈ ಹಾಕಿದರು. ತಕ್ಷಣ ಹಿಂದಕ್ಕೆ ಎಳೆದುಕೊಂಡರು. ಹೆಬ್ಬೆರಳ ಬುಡದಲ್ಲಿ ರಕ್ತ ಬರುತ್ತಿತ್ತು.

"ಗಾಜು ಇದ್ರ ಹೇಳ್ರಿ ಅಕ್ಕಾರ. ಪೇಪರ್‌ನ್ಯಾಗ ಸುತ್ತಿ ಬ್ಯಾರೆ ಕೊಡ್ರಿ" ಅಂದರು. ಬೈಯಲಿಲ್ಲ. ನಾನು ಒಳಗಿಂದ ನೀರು, ಅರಿಶಿಣ ತರುವಷ್ಟರಲ್ಲಿ ಅವರು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಮುಂದಿನ ಮನೆಯ ಬಕೆಟ್ ಎತ್ತುತ್ತಿದ್ದರು.

ಆ ವಾರವೇ ಮನೆಯಲ್ಲಿ ಬುಟ್ಟಿಗಳು ಬೇರೆಯಾದವು. ಅಲ್ಲಿಂದ ಇಲ್ಲಿಯವರೆಗೆ ಮಾಡಿ, ಕೆಡಿಸಿ, ಸರಿಪಡಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮ ಊರಿನ ನೀರು, ಮಳೆ, ಅಡುಗೆ ಲೆಕ್ಕಕ್ಕೆ ಹೊಂದುವ ಹಾಗೆ.

ಪಾಲಿಕೆ ಏನು ಮಾಡಲು ಹೊರಟಿದೆ

ನಮ್ಮದು ಸಣ್ಣ ಊರಲ್ಲ. 2011ರ ಜನಗಣತಿಯಲ್ಲೇ ಅವಳಿ ನಗರದ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು. ಈಗ 82 ವಾರ್ಡು. ಇಷ್ಟು ಮನೆಗಳ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಹುಬ್ಬಳ್ಳಿಯಲ್ಲಿ ಕಾರವಾರ ರಸ್ತೆಯ ಯಾರ್ಡಿಗೆ, ಧಾರವಾಡದಲ್ಲಿ ಹೊಸಯಲ್ಲಾಪುರದ ಯಾರ್ಡಿಗೆ. ಬೇಸಿಗೆಯಲ್ಲಿ ಅಲ್ಲಿಂದ ಏಳುವ ಹೊಗೆಯ ವಾಸನೆ ಆ ಕಡೆ ಇರುವವರಿಗೆ ಹೊಸದಲ್ಲ. ಕಸದ ಗುಡ್ಡದ ಹೊಟ್ಟೆಯೊಳಗೆ ಗಾಳಿಯಿಲ್ಲದೆ ಕೊಳೆಯುವ ಅನ್ನ, ತರಕಾರಿ ಮೀಥೇನ್ ಅನಿಲ ಬಿಡುತ್ತವೆ. ಅದಕ್ಕೆ ಬೆಂಕಿ ತಗುಲಿದರೆ ಮೇಲಿನ ಪ್ಲಾಸ್ಟಿಕ್ಕೂ ಸೇರಿ ಉರಿಯುತ್ತೆ. ಮೇಲೆ ನೀರು ಹೊಡೆದರೂ ಒಳಗೆ ದಿನಗಟ್ಟಲೆ ಕೆಂಡ ಇರುತ್ತೆ.

ಈಗಿನ ಯೋಜನೆಗಳಲ್ಲಿ ಮೂರು ಮುಖ್ಯ. ಒಂದು, ಹಳೇ ಗುಡ್ಡಗಳನ್ನು ಅಗೆದು ಜರಡಿ ಹಿಡಿಯುವುದು. ಮಣ್ಣು, ಕಲ್ಲು, ಪ್ಲಾಸ್ಟಿಕ್ ಬೇರೆ ಮಾಡಿ ಜಾಗ ಖಾಲಿ ಮಾಡುವ ಕೆಲಸ ಇದು. ಬಯೋಮೈನಿಂಗ್ ಅನ್ನುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಶುರುವಾದ ನಗರ ಸ್ವಚ್ಛ ಭಾರತ ಮಿಷನ್‌ನ ಎರಡನೇ ಹಂತದಲ್ಲಿ ದೇಶದ ಎಲ್ಲಾ ನಗರಗಳಿಗೂ ಈ ಗುರಿ ಇದೆ. ಎರಡು, ಹಸಿ ಕಸದಿಂದ ಗೊಬ್ಬರ ಮಾಡುವುದು. ಮೂರು, ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಜೊತೆ ಸೇರಿ ಕಸದಿಂದ ಇದ್ದಿಲು ಮಾಡುವ ಘಟಕ. ಆಮ್ಲಜನಕ ತೀರಾ ಕಡಿಮೆ ಇರುವ ಕಡೆ 200ರಿಂದ 300 ಡಿಗ್ರಿ ಶಾಖದಲ್ಲಿ ಕಸವನ್ನು ಹುರಿದ ಹಾಗೆ ಮಾಡಿದರೆ ಅದು ಕಲ್ಲಿದ್ದಲಿನಂಥ ಉರುವಲಾಗುತ್ತೆ. ಅದಕ್ಕೇ ಇದನ್ನು ಹಸಿರು ಕಲ್ಲಿದ್ದಲು ಅಂತ ಕರೆಯುತ್ತಾರೆ.

ಈ ಮೂರೂ ನಮ್ಮ ಅಡುಗೆಮನೆಯ ಬುಟ್ಟಿಗೆ ಗಂಟು ಬಿದ್ದಿವೆ. ಅನ್ನ, ಸಾರು ಸುರಿದ ಪ್ಲಾಸ್ಟಿಕ್ ಆ ಘಟಕಕ್ಕೆ ಹೋದರೆ ಇದ್ದಿಲಾಗುವ ಮೊದಲು ಅದರ ನೀರು ಆರಿಸಬೇಕು, ಬಹಳಷ್ಟು ಶಾಖ ಅದಕ್ಕೇ ಖರ್ಚು. ಗಾಜಿನ ಚೂರು, ಶಾಂಪೂ ಪಾಕೆಟ್ ಸೇರಿದ ಗೊಬ್ಬರವನ್ನು ಯಾವ ರೈತ ತನ್ನ ಹೊಲಕ್ಕೆ ಹಾಕುತ್ತಾನೆ? ಇನ್ನು ಹಳೇ ಗುಡ್ಡ ಒಂದು ಕಡೆಯಿಂದ ಕರಗಿಸುತ್ತಾ ಇನ್ನೊಂದು ಕಡೆಯಿಂದ ಕಲಸಿದ ಕಸ ಸುರಿದರೆ ಜಾಗ ಎಲ್ಲಿ ಖಾಲಿಯಾಗಬೇಕು? ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಪಾಲಿಕೆ ಒಂದೇ ಇರಲಿ, ಎರಡಾಗಲಿ, ಈ ಲೆಕ್ಕ ಬದಲಾಗಲ್ಲ.

ನಿಯಮವೂ ಈಗ ಬಿಗಿಯಾಗಿದೆ. 2016ರ ಘನತ್ಯಾಜ್ಯ ನಿಯಮ ಕಸವನ್ನು ಮೂರು ಬಗೆ ಮಾಡಿ ಅಂದಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮದಲ್ಲಿ ನಾಲ್ಕು ಬಗೆ: ಹಸಿ, ಒಣ, ಸ್ಯಾನಿಟರಿ, ಮತ್ತು ವಿಶೇಷವಾಗಿ ಜೋಪಾನ ಮಾಡಬೇಕಾದ ಕಸ. ಬೇರ್ಪಡಿಸದ ಕಸವನ್ನು ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಕಳಿಸುವ ಪಾಲಿಕೆಗಳು ಜಾಸ್ತಿ ಶುಲ್ಕ ಕಟ್ಟಬೇಕು ಅಂತಲೂ ಅದರಲ್ಲಿದೆ. ಆ ದುಡ್ಡು ಕೊನೆಗೆ ನಮ್ಮ ತೆರಿಗೆಯದ್ದೇ ಅಲ್ವಾ?

ಮೊದಲ ಹೆಜ್ಜೆ: ಒಂದು ವಾರ ತೂಗಿ ನೋಡಿ

ಬುಟ್ಟಿ ಕೊಳ್ಳಲು ಇವತ್ತೇ ಅಂಗಡಿಗೆ ಓಡಬೇಡಿ. ಮೊದಲು ಒಂದು ವಾರ, ಇದ್ದ ಎರಡು ಹಳೇ ಬಕೆಟ್ಟಿನಲ್ಲಿ ಹಸಿ ಮತ್ತು ಒಣ ಬೇರೆ ಇಟ್ಟು, ದಿನಾ ತೂಗುವ ಕೊಂಡಿಗೆ ಹಾಕಿ ನೋಡಿ. ನಮ್ಮದು ನಾಲ್ಕು ಜನರ ಮನೆ. ದಿನಕ್ಕೆ ಹೆಚ್ಚು ಕಡಿಮೆ ಒಂದು ಕಿಲೋ ಬಂತು. ಅದರಲ್ಲಿ ಮುಕ್ಕಾಲು ಪಾಲು ಹಸಿಯೇ. ಒಣ ಕಸ ಬುಟ್ಟಿ ತುಂಬಾ ಕಾಣುತ್ತೆ, ತೂಕ ಮಾತ್ರ ಇರಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ ಯಾವ ಕೆಲಸಕ್ಕೆ ಮೊದಲು ಕೈ ಹಾಕಬೇಕು ಅಂತ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಆಮೇಲೆ ಜಾಗ ಗೊತ್ತು ಮಾಡಿ. ಹಸಿರು ಬುಟ್ಟಿ ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ. ಬಣ್ಣದ ಬುಟ್ಟಿ ಇಲ್ಲದಿದ್ದರೂ ನಡೆಯುತ್ತೆ. ಹಸಿ ಕಸದ್ದು ಸಣ್ಣದಿರಲಿ, ಮುಚ್ಚಳ ಇರಲಿ, ತರಕಾರಿ ಹೆಚ್ಚುವ ಕಟ್ಟೆಯ ಹತ್ತಿರವೇ ಇರಲಿ. ಎರಡು ಹೆಜ್ಜೆ ದೂರ ಇಟ್ಟರೆ ಅವಸರದಲ್ಲಿ ಹತ್ತಿರದ ಬುಟ್ಟಿಗೇ ಎಲ್ಲಾ ಬೀಳುತ್ತೆ. ಒಣ ಕಸಕ್ಕೆ ದೊಡ್ಡ ಗೋಣಿಚೀಲ ಸಾಕು. ಹಿತ್ತಿಲಲ್ಲಿ ಮೊಳೆಗೆ ತೂಗುಹಾಕಿ. ಸ್ಯಾನಿಟರಿ ಕಸಕ್ಕೆ ಬಚ್ಚಲಮನೆಯಲ್ಲಿ ಒಂದು ಮುಚ್ಚಳದ ಡಬ್ಬಿ. ನಾಲ್ಕನೆಯದಕ್ಕೆ ಮಕ್ಕಳ ಕೈಗೆ ಸಿಗದ ಕಡೆ ಒಂದು ರಟ್ಟಿನ ಪೆಟ್ಟಿಗೆ, ಅಷ್ಟೇ.

ಎರಡನೇ ಹೆಜ್ಜೆ: ಹಸಿ ಕಸಕ್ಕೆ ಪ್ಲಾಸ್ಟಿಕ್ ಚೀಲ ಬೇಡ

ತರಕಾರಿ ಸಿಪ್ಪೆ, ಉಳಿದ ಅನ್ನ-ಸಾರು, ಚಹಾ ಪುಡಿ, ಮೊಟ್ಟೆ ಸಿಪ್ಪೆ, ಮಾಂಸ-ಮೀನಿನ ಉಳಿಕೆ, ದೇವರ ಹೂವು, ಎಣ್ಣೆ ಹತ್ತಿದ ಕಾಗದ, ಎಲ್ಲಾ ಹಸಿ ಕಸವೇ. ಭಜಿ, ಮಿರ್ಚಿ ಕಟ್ಟಿ ತಂದ ಪೇಪರನ್ನು ಬಹಳ ಜನ ಒಣ ಕಸಕ್ಕೆ ಹಾಕುತ್ತಾರೆ. ಎಣ್ಣೆ ಕುಡಿದ ಕಾಗದದಿಂದ ಮತ್ತೆ ಕಾಗದ ಮಾಡಲು ಬರಲ್ಲ. ಹರಿದು ಹಸಿ ಬುಟ್ಟಿಗೆ ಹಾಕಿ.

ಬುಟ್ಟಿಯ ತಳಕ್ಕೆ ಒಂದು ಹಾಳೆ ಹಳೇ ಪೇಪರ್ ಹಾಸಿ. ನೀರು ಹೀರುತ್ತೆ, ಬುಟ್ಟಿ ತೊಳೆಯುವುದೂ ಸುಲಭ. ಆದರೆ ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಬೇಡಿ, ದಯವಿಟ್ಟು. ಗೊಬ್ಬರದ ಘಟಕದಲ್ಲಿ ಆ ಗಂಟನ್ನು ಯಾರೋ ಒಬ್ಬರು ಕೈಯಿಂದ ಬಿಚ್ಚಬೇಕು. ಅದಕ್ಕಿಂತ ನೋವಿನ ಸಂಗತಿ ದನಗಳದ್ದು. ಜನತಾ ಬಜಾರ್ ಸುತ್ತ ಒಂದು ಸಂಜೆ ನಿಂತು ನೋಡಿ. ಹಿಡಿ ಅನ್ನದ ಆಸೆಗೆ ದನ ಚೀಲವನ್ನೇ ನುಂಗುತ್ತದೆ. ಅದು ಕರಗಲ್ಲ, ಸಗಣಿಯಲ್ಲೂ ಹೋಗಲ್ಲ. ಹೊಟ್ಟೆಯಲ್ಲೇ ಸುತ್ತಿಕೊಂಡು ಕೂರುತ್ತೆ. ಮೇವು ತಿನ್ನಲಾಗದೆ ದನ ಸೊರಗಿ ಸಾಯುತ್ತೆ. ಉಳಿದ ರೊಟ್ಟಿಯನ್ನು ದನಕ್ಕೇ ಕೊಡುವ ಮನಸ್ಸಿದ್ದರೆ ತಟ್ಟೆಯಲ್ಲಿ ಇಟ್ಟು ಕೊಡಿ, ಅದು ತಿಂದ ಮೇಲೆ ತಟ್ಟೆ ಒಳಗೆ ತನ್ನಿ.

ಮೂರನೇ ಹೆಜ್ಜೆ: ಮನೆಯಲ್ಲೇ ಗೊಬ್ಬರ

ಒಂದು ಸಣ್ಣ ಬಾಲ್ಕನಿಯೋ ಹಿತ್ತಿಲೋ ಇದ್ದರೆ ಈ ಹೆಜ್ಜೆ ಬಿಡಬೇಡಿ. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಜನ ಶುರು ಮಾಡಿ ಕೈಬಿಡುವುದು ಇಲ್ಲೇ.

ಮೊದಲನೇ ಸಲ ನಾನು ಶುರು ಮಾಡಿದ್ದು ಜುಲೈ ತಿಂಗಳಲ್ಲಿ. ಒಂದು ಬಕೆಟ್ಟಿಗೆ ದಿನಾ ಸಿಪ್ಪೆ ಸುರಿದೆ, ಮುಚ್ಚಿಟ್ಟೆ. ಹತ್ತನೇ ದಿನಕ್ಕೆ ಕೊಳೆತ ಮೊಟ್ಟೆಯ ನಾತ. ಮುಚ್ಚಳ ತೆಗೆದರೆ ಬಿಳಿ ಹುಳು ಮಿಜಿಮಿಜಿ. ಮನೆಯವರೆಲ್ಲಾ ಎಸೆದುಬಿಡು ಅಂದರು. ನವಲಗುಂದದ ಕಡೆಯ ಹಳ್ಳಿಯಲ್ಲಿ ಬಾಳಿದ ನಮ್ಮ ಅತ್ತೆ ಬಂದು ಬಕೆಟ್ಟಿನೊಳಗೆ ಒಮ್ಮೆ ನೋಡಿ ಹೇಳಿದ್ದು ಇಷ್ಟೇ: "ಬರೇ ಹಸೀದ ಹಾಕಿದ್ರ ಕೊಳೀದ ಏನಾಗ್ತೈತೆ? ತಿಪ್ಪಿಗೆ ಹೊಟ್ಟು, ಕಣಿಕಿ ಬೀಳಬೇಕ."

ಗೊಬ್ಬರದ ಗುಟ್ಟು ಆ ಮಾತಿನಲ್ಲೇ ಇದೆ. ಕೃಷಿ ಪುಸ್ತಕದಲ್ಲಿ ಇದನ್ನೇ ಇಂಗಾಲ ಮತ್ತು ಸಾರಜನಕದ ಲೆಕ್ಕ ಅಂತ ಬರೆದಿರುತ್ತಾರೆ. ಕಸವನ್ನು ತಿಂದು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಬೇಕು. ಅಡುಗೆಮನೆ ಕಸದಲ್ಲಿ ಸಾರಜನಕ, ನೀರು ಜಾಸ್ತಿ. ಒಣ ಎಲೆ, ಹೊಟ್ಟು, ಕಣಿಕೆಯಲ್ಲಿ (ಒಣ ಜೋಳದ ದಂಟು) ಇಂಗಾಲ ಜಾಸ್ತಿ. ಒಣದ್ದು ಸೇರಿದರೆ ನಡುವೆ ಗಾಳಿಯೂ ಆಡುತ್ತೆ. ಗಾಳಿ ಇದ್ದಲ್ಲಿ ನಾತ ಹುಟ್ಟಲ್ಲ.

ಬೇಕಾದದ್ದು ಇಷ್ಟು. ಬಣ್ಣ ಹಚ್ಚುವವರು ಬಿಟ್ಟು ಹೋಗುವ 20 ಲೀಟರಿನ ಖಾಲಿ ಬಕೆಟ್ ಮೂರು, ಮುಚ್ಚಳದ ಸಮೇತ. ಚೆನ್ನಾಗಿ ತೊಳೆದು ಪಕ್ಕದಲ್ಲೆಲ್ಲಾ ಮೂರು ಬೆರಳಿಗೊಂದು ತೂತು, ತಳದಲ್ಲಿ ಎಂಟು-ಹತ್ತು ತೂತು ಡ್ರಿಲ್ಲಿನಿಂದ ಹೊಡೆಸಿ. ಬಿಸಿ ಸಲಾಕೆಯಿಂದ ಚುಚ್ಚಬೇಡಿ, ಪ್ಲಾಸ್ಟಿಕ್ ಹೊಗೆ ಒಳ್ಳೇದಲ್ಲ. ಕೆಳಗೆ ಒಂದು ಹಳೇ ತಾಟು ಇಡಿ, ನೀರು ಇಳಿದರೆ ಅದರಲ್ಲಿ ನಿಲ್ಲುತ್ತೆ. ನೆರಳಿನಲ್ಲಿ, ಮಳೆ ಹೊಡೆಯದ ಕಡೆ ಇಟ್ಟುಕೊಳ್ಳಿ.

ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ ಹಾಕಿ. ಅದರ ಮೇಲೆ ಒಂದೆರಡು ಹಿಡಿ ಹಳೇ ಗೊಬ್ಬರ, ಅದಿಲ್ಲದಿದ್ದರೆ ಸಗಣಿ ಕಲಸಿದ ನೀರು. ಹುಳಿ ಮಜ್ಜಿಗೆಗೆ ಚೂರು ಬೆಲ್ಲ ಕದಡಿ ಚಿಮುಕಿಸಿದರೂ ನಡೆಯುತ್ತೆ. ಆಮೇಲೆ ದಿನದ ಹಸಿ ಕಸ. ದೊಡ್ಡ ಸಿಪ್ಪೆಗಳನ್ನು ಬೆರಳುದ್ದ ಕತ್ತರಿಸಿ ಹಾಕಿ, ಸಣ್ಣದಾದಷ್ಟೂ ಬೇಗ ಕಳಿಯುತ್ತೆ. ಒಂದು ಬೋಗುಣಿ ಹಸಿ ಹಾಕಿದರೆ ಅದೇ ಬೋಗುಣಿಯಲ್ಲಿ ಒಂದು ತುಂಬಾ ಒಣ ಎಲೆಯೋ ಹೊಟ್ಟೋ ಮೇಲೆ ಬೀಳಲೇಬೇಕು. ಹಸಿ ಕಸ ಕಣ್ಣಿಗೆ ಕಾಣಬಾರದು. ಕಂಡರೆ ನೊಣ ಬರುತ್ತೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ತಿರುವಿ.

ನೀರಿನ ಹದ ನೋಡಲು ಒಂದು ಮುಷ್ಟಿ ತೆಗೆದು ಹಿಂಡಿ. ಒಂದೆರಡು ಹನಿ ಒಸರಿದರೆ ಹದ ಸರಿಯಿದೆ. ಧಾರೆ ಇಳಿದರೆ ಒಣ ಎಲೆ ಸೇರಿಸಿ ತಿರುವಿ. ಉದುರುದುರಾಗಿ ಬಿದ್ದರೆ ಅಕ್ಕಿ ತೊಳೆದ ನೀರು ಚಿಮುಕಿಸಿ. ಎಲ್ಲಾ ಸರಿಯಿದ್ದರೆ ನಾಲ್ಕನೇ ಐದನೇ ದಿನ ನಡುವೆ ಕೈ ಇಟ್ಟರೆ ಬೆಚ್ಚಗೆ ಹತ್ತುತ್ತೆ. ಆ ಬಿಸಿ ಕೈಗೆ ಹತ್ತಿದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ನಾಲ್ಕು ಜನರ ಮನೆಗೆ ಒಂದು ಬಕೆಟ್ ತುಂಬಲು ಮೂರು-ನಾಲ್ಕು ವಾರ ಬೇಕು. ಹಾಕಿದ ಹಾಗೆ ಕುಗ್ಗುತ್ತಾ ಹೋಗುತ್ತೆ. ತುಂಬಿದ ಮೇಲೆ ಮುಚ್ಚಿ ಬದಿಗಿಟ್ಟು ಎರಡನೆಯದನ್ನು ಶುರು ಮಾಡಿ. ವಾರಕ್ಕೊಮ್ಮೆ ತಿರುವುತ್ತಾ ಇದ್ದರೆ ಆರರಿಂದ ಎಂಟು ವಾರದಲ್ಲಿ ಮೊದಲನೆಯದು ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುವ ಹಾಗೆ ಆಗುತ್ತೆ. ಮೂರು ಬಕೆಟ್ ಹೇಳಿದ್ದು ಇದಕ್ಕೇ. ಜರಡಿ ಹಿಡಿದು, ಉಳಿದ ದಪ್ಪ ತುಂಡುಗಳನ್ನು ಹೊಸ ಬಕೆಟ್ಟಿಗೆ ಹಾಕಿ. ಗಿಡಕ್ಕೆ ಹಾಕುವಾಗ ಗೊಬ್ಬರ ಒಂದು ಪಾಲು, ಮಣ್ಣು ಮೂರು ಪಾಲು ಇರಲಿ. ಹುಬ್ಬಳ್ಳಿಯ ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಬಿರಿಯುತ್ತಲ್ಲ, ಗೊಬ್ಬರ ಸೇರಿದ ಕುಂಡದಲ್ಲಿ ಹಾಗೆ ಬಿರಿಯಲ್ಲ, ನೀರೂ ಸರಾಗ ಇಳಿಯುತ್ತೆ.

ಕೆಟ್ಟರೆ ಏನು ಮಾಡಬೇಕು? ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಒಣದ್ದು ಹಾಕಿ ತಿರುವಿ. ಮೂಗಿಗೆ ಚುಚ್ಚುವ ಖಾರ ವಾಸನೆ ಬಂದರೆ ಸಾರಜನಕ ಜಾಸ್ತಿಯಾಗಿದೆ, ಅದಕ್ಕೂ ಒಣ ಎಲೆಯೇ ಮದ್ದು. ಬಿಳಿ ಹುಳು ಕಂಡರೆ ಹೆದರಬೇಡಿ. ಅವೂ ಕಸ ತಿನ್ನಲಿಕ್ಕೇ ಬಂದಿವೆ. ಒಣದ್ದು ಹಾಕಿ ನೀರು ಕಡಿಮೆಯಾದರೆ ತಾವೇ ಹೋಗುತ್ತವೆ. ಮಾಂಸದ ಎಲುಬು, ಎಣ್ಣೆಯ ಮಡ್ಡಿ, ಉಪ್ಪಿನಕಾಯಿ ಬಕೆಟ್ಟಿಗೆ ಬೇಡ. ಹೊಸಬರು ಉಳಿದ ಸಾರು, ಮೊಸರನ್ನವನ್ನೂ ಮೊದಲ ಎರಡು ತಿಂಗಳು ಟಿಪ್ಪರಿಗೇ ಕೊಡುವುದು ಒಳ್ಳೇದು. ಆಪೂಸ್ ಮಾವಿನ ಕಾಲದಲ್ಲಿ ಮಾತ್ರ ಜೋಪಾನ. ಸಿಪ್ಪೆಯಲ್ಲಿ ನೀರು ವಿಪರೀತ, ಒಣ ಎಲೆ ಎರಡು ಪಟ್ಟು ಹಾಕಬೇಕಾಗುತ್ತೆ. ವಾಟೆ ಬೇಗ ಕಳಿಯಲ್ಲ, ಅದನ್ನು ಬೇರೆ ತೆಗೆದಿಡಿ.

ಒಣ ಎಲೆ ಎಲ್ಲಿಂದ ತರೋದು ಅಂತ ಎಲ್ಲರೂ ಕೇಳುತ್ತಾರೆ. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ರಸ್ತೆಗಳ ಮರಗಳು ಎಲೆ ಉದುರಿಸುತ್ತವೆ. ಧಾರವಾಡದವರಿಗಂತೂ ಇದಕ್ಕೆ ಬರವೇ ಇಲ್ಲ. ಗುಡಿಸಿ ಗುಂಪು ಮಾಡಿದ ಎಲೆಗೆ ಬೆಂಕಿ ಬೀಳುವ ಮೊದಲು ನಾಲ್ಕೈದು ಖಾಲಿ ಸಿಮೆಂಟ್ ಚೀಲ ಒಯ್ದು ತುಂಬಿಕೊಳ್ಳಿ. ಮಳೆಗಾಲದ ನಾಲ್ಕು ತಿಂಗಳಿಗೆ ಇದೇ ಬಂಡವಾಳ. ಜುಲೈ ಮಳೆಯಲ್ಲಿ ಒಂದು ಒಣ ಎಲೆಯೂ ಸಿಗಲ್ಲ, ನನ್ನ ಮೊದಲ ಬಕೆಟ್ ಕೆಟ್ಟದ್ದೂ ಅದಕ್ಕೇ. ಎಲೆ ಸಿಗದಿದ್ದರೆ ಶೇಂಗಾ ಹೊಟ್ಟು, ಬಡಗಿಯ ಅಂಗಡಿಯ ಕಟ್ಟಿಗೆ ಹೊಟ್ಟು, ಚೂರು ಮಾಡಿದ ರಟ್ಟು ಆದೀತು.

ಎರೆಹುಳು ಗೊಬ್ಬರ ಮಾಡುವ ಆಸೆಯಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಒಮ್ಮೆ ಹೋಗಿ ಕೇಳಿ. ಹುಳುಗಳನ್ನು ಬಿಸಿಯಿರುವ ಹೊಸ ಬಕೆಟ್ಟಿಗೆ ಮಾತ್ರ ಬಿಡಬೇಡಿ, ಸಾಯುತ್ತವೆ. ಅರ್ಧ ಕಳಿತು ತಣ್ಣಗಾದ ಮೇಲೆ ಬಿಡಬೇಕು.

ನಾಲ್ಕನೇ ಹೆಜ್ಜೆ: ಒಣ ಕಸ ಒಣಗೇ ಇರಲಿ

ಹಾಲಿನ ಪಾಕೆಟ್ಟಿನಿಂದ ಶುರು ಮಾಡೋಣ. ಅದು ಒಳ್ಳೇ ಜಾತಿಯ ಪ್ಲಾಸ್ಟಿಕ್, ಮತ್ತೆ ಬಳಕೆಗೆ ಬರುತ್ತೆ. ಆದರೆ ಒಳಗಿನ ಎರಡು ಹನಿ ಹಾಲು ಹುಳಿತು ಇಡೀ ಚೀಲಕ್ಕೆ ನಾತ ಹಿಡಿಸುತ್ತೆ. ನಮ್ಮಲ್ಲಿ ಇನ್ನೂ ಬಹಳ ಓಣಿಗಳಿಗೆ ನಲ್ಲಿ ನೀರು ದಿನಾ ಬರಲ್ಲ. ಪಾಕೆಟ್ ತೊಳೆಯಲು ಒಳ್ಳೇ ನೀರು ಸುರಿಯಿರಿ ಅಂತ ನಾನು ಹೇಳಲ್ಲ. ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಅದ್ದಿ, ಬೋರಲು ಮಾಡಿ ಒಣಗಿಸಿ, ಸಾಕು. ಇನ್ನೊಂದು ಮಾತು. ಪಾಕೆಟ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ. ಅರ್ಧ ಸೀಳಿ, ಆ ಚೂರು ಪಾಕೆಟ್ಟಿಗೇ ಅಂಟಿಕೊಂಡಿರಲಿ. ಉಗುರಿನಷ್ಟು ಸಣ್ಣ ಚೂರನ್ನು ಯಾರೂ ಆರಿಸಲ್ಲ. ಅದು ಗಟಾರಕ್ಕೋ ಮಣ್ಣಿಗೋ ಹೋಗುತ್ತೆ. ದಿನಕ್ಕೆ ಎರಡು ಪಾಕೆಟ್ ಅಂದರೆ ವರ್ಷಕ್ಕೆ ಒಂದು ಮನೆಯಿಂದ 730 ಚೂರು.

ಪೇಪರ್, ರಟ್ಟು, ಬಾಟಲಿ, ಡಬ್ಬಿ, ಕಬ್ಬಿಣ, ಅಲ್ಯೂಮಿನಿಯಂ ಇವಕ್ಕೆ ಬೆಲೆಯಿದೆ. ಟಿಪ್ಪರಿಗೆ ಕೊಡುವ ಬದಲು ರದ್ದಿ ಅಂಗಡಿಗೋ ಓಣಿಗೆ ಬರುವ ಗುಜರಿಯವರಿಗೋ ಕೊಡಿ. ಪಾಲಿಕೆಯ ಯಾವ ಯೋಜನೆಗಿಂತ ಮೊದಲೇ ಈ ಊರಿನಲ್ಲಿ ಮರುಬಳಕೆ ನಡೆಸಿಕೊಂಡು ಬಂದವರು ಅವರೇ. ಬಾಟಲಿಯನ್ನು ಖಾಲಿ ಮಾಡಿ ಅಮುಕಿ ಮುಚ್ಚಳ ಹಾಕಿ. ರಟ್ಟಿನ ಪೆಟ್ಟಿಗೆ ಬಿಚ್ಚಿ ಚಪ್ಪಟೆ ಮಾಡಿ, ಮಳೆಗೆ ತೋಯಿಸಬೇಡಿ.

ಬಿಸ್ಕತ್ತು, ಚಿಪ್ಸ್, ಗುಟ್ಕಾ, ಶಾಂಪೂ ಪಾಕೆಟ್ಟುಗಳಿಗೆ ರದ್ದಿಯವರು ಕೈ ಹಚ್ಚಲ್ಲ. ಪ್ಲಾಸ್ಟಿಕ್ ಮತ್ತು ಲೋಹದ ಪದರಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ. ಬಿಡಿಸಿ ಮತ್ತೆ ಬಳಸುವುದು ಕಷ್ಟ. ಇವು ಒಣಗಿದ್ದರೆ ಸಿಮೆಂಟ್ ಕಾರ್ಖಾನೆಯಲ್ಲಿ ಉರುವಲಾಗಿ ಹೋಗಬಹುದು, ಇದ್ದಿಲಿನ ಘಟಕಕ್ಕೂ ಆಗಬಹುದು. ಸಾರು ಸುರಿದ ಪಾಕೆಟ್ ಎಲ್ಲಿಗೂ ಆಗಲ್ಲ. ಹಾಗಾಗಿ ಇವನ್ನು ಒಣಗಿಸಿ ನೀಲಿ ಬುಟ್ಟಿಯಲ್ಲೇ ಕೊಡಿ. ಹಿತ್ತಿಲಲ್ಲಿ ಗುಡ್ಡೆ ಹಾಕಿ ಸುಡಬೇಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿದೆ. ದಂಡದ ಮಾತು ಬಿಡಿ, ಆ ಹೊಗೆ ಮೊದಲು ಹೋಗುವುದು ಪಕ್ಕದ ಮನೆಯ ತೊಟ್ಟಿಲಿಗೆ.

ಗಾಜು ಒಡೆದರೆ ದಪ್ಪ ಪೇಪರಿನಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಚ್ಚಿ, ಮೇಲೆ ದಪ್ಪ ಅಕ್ಷರದಲ್ಲಿ "ಗಾಜು" ಅಂತ ಬರೆದು, ಕೈಗೇ ಕೊಟ್ಟು ಬಾಯಿಂದಲೂ ಹೇಳಿ. ಬ್ಲೇಡಿಗೂ ಇದೇ ಕ್ರಮ.

ಐದನೇ ಹೆಜ್ಜೆ: ಸ್ಯಾನಿಟರಿ ಕಸ

ಪ್ಯಾಡ್, ಮಕ್ಕಳ ಡೈಪರ್, ಹಾಸಿಗೆ ಹಿಡಿದ ಹಿರಿಯರ ಡೈಪರ್, ಕಾಂಡೋಮ್ ಇವು ಈ ಬಗೆಗೆ ಸೇರುತ್ತವೆ. ಡೈಪರಿನ ಮಲವನ್ನು ಮೊದಲು ಸಂಡಾಸಿಗೆ ಜಾಡಿಸಿ. ಆಮೇಲೆ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಒಂದು ದೊಡ್ಡ ಚುಕ್ಕೆ ಇಡಿ. ನೋಡಿದ ತಕ್ಷಣ ಬಿಚ್ಚಬಾರದ ಪೊಟ್ಟಣ ಅಂತ ಪೌರಕಾರ್ಮಿಕರಿಗೆ ಗೊತ್ತಾಗಬೇಕು. ಸಂಕೋಚಕ್ಕೆ ಕಪ್ಪು ಚೀಲದಲ್ಲಿ ಹಾಕಿ ಹಸಿ ಕಸದ ಅಡಿಗೆ ತುರುಕುವ ರೂಢಿ ನಮ್ಮಲ್ಲಿ ಬಹಳ ಇದೆ. ಆ ಕಪ್ಪು ಚೀಲದೊಳಗೆ ಏನಿದೆ ಅಂತ ತಿಳಿಯದೆ ಬಿಚ್ಚುವವರೂ ಒಬ್ಬ ಹೆಣ್ಣುಮಗಳೇ. ಹೇಳಿ ಕೊಡುವುದರಲ್ಲಿ ನಾಚಿಕೆ ಏನೂ ಇಲ್ಲ. ಸಂಡಾಸಿಗೆ ಹಾಕಿ ನೀರು ಬಿಡುವುದಂತೂ ಬೇಡವೇ ಬೇಡ. ಪ್ಯಾಡ್ ನೀರು ಹೀರಿ ಉಬ್ಬಿ ಒಳಚರಂಡಿ ಕಟ್ಟಿಕೊಳ್ಳುತ್ತೆ.

ಆರನೇ ಹೆಜ್ಜೆ: ಜೋಪಾನದ ಪೆಟ್ಟಿಗೆ

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬು, ಪಾದರಸದ ಥರ್ಮಾಮೀಟರ್, ಅವಧಿ ಮೀರಿದ ಮಾತ್ರೆ, ಬಣ್ಣದ ಡಬ್ಬಿ, ಸೊಳ್ಳೆ-ಜಿರಲೆ ಔಷಧಿ ಡಬ್ಬಿ ಈ ಪೆಟ್ಟಿಗೆಗೆ. ಸೆಲ್, ಬ್ಯಾಟರಿ ಸಿಕ್ಕಾಗ ಅವನ್ನೂ ಸದ್ಯಕ್ಕೆ ಇಲ್ಲೇ ಇಡಿ. ಮೊಬೈಲ್ ಬ್ಯಾಟರಿ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಬಹುದು. ಅದರ ತುದಿ ಲೋಹಕ್ಕೆ ತಗುಲಿದರೂ ಅಪಾಯ, ಅದಕ್ಕೇ ತುದಿಗೆ ಟೇಪ್ ಹಚ್ಚಿ. ಈ ಪೆಟ್ಟಿಗೆ ತುಂಬಲು ತಿಂಗಳುಗಳೇ ಬೇಕು. ತುಂಬಿದಾಗ ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕೇಳಿ ಅವರು ಹೇಳಿದ ಕಡೆ ಕೊಡಿ. ಹಳೇ ಟಿವಿ, ಮಿಕ್ಸರ್, ಚಾರ್ಜರ್‌ಗಳು ಇ-ತ್ಯಾಜ್ಯ. ಅವನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಿಸಿದ ಕಂಪನಿಗಳ ಮೇಲಿದೆ. ಹೊಸದು ಕೊಳ್ಳುವಾಗ ಹಳೇದನ್ನು ಅಂಗಡಿಗೇ ಕೊಟ್ಟುಬಿಡಿ.

ಏಳನೇ ಹೆಜ್ಜೆ: ಗಾಡಿಗೆ ಕೊಡುವಾಗ

ಸಾಧ್ಯವಾದಷ್ಟು ದಿನ ನೀವೇ ಕೈಯಾರೆ ಕೊಡಿ. ಹಿಂದಿನ ರಾತ್ರಿಯೇ ಗೇಟಿನ ಹೊರಗಿಟ್ಟರೆ ನಾಯಿ, ಹಂದಿ ಎಳೆದಾಡಿ ನೀವು ಮಾಡಿದ ಕೆಲಸ ಬೀದಿಪಾಲಾಗುತ್ತೆ. ಗಾಡಿಯಲ್ಲಿ ಹಸಿ ಎಲ್ಲಿ, ಒಣ ಎಲ್ಲಿ ಅಂತ ಕೇಳಿ ಆಯಾ ಭಾಗಕ್ಕೆ ಹಾಕಿ. ಒಣ ಕಸ ದಿನಾ ಕೊಡಬೇಕಾಗಿಲ್ಲ, ವಾರಕ್ಕೊಮ್ಮೆ ಸಾಕು.

ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಂದಾದರೆ ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಾಗೆ ಕಂಡರೆ ಗಾಡಿಯ ನಂಬರ್, ದಿನ, ಹೊತ್ತು ಬರೆದಿಟ್ಟುಕೊಂಡು ವಲಯ ಕಚೇರಿಗೆ ಬರಹದಲ್ಲಿ ಕೊಡಿ, ಇಲ್ಲವೇ ಸ್ವಚ್ಛತಾ ಆ್ಯಪ್‌ನಲ್ಲಿ ಫೋಟೋ ಹಾಕಿ. ಗಾಡಿ ಪಕ್ಕದಲ್ಲಿರುವವರ ಜೊತೆ ಜಗಳ ಬೇಡ, ವ್ಯವಸ್ಥೆ ಅವರ ಕೈಯಲ್ಲಿಲ್ಲ. ಓಣಿಯ ಹತ್ತು ಮನೆಯವರು ಸೇರಿ ಸಹಿ ಹಾಕಿ ಕೊಟ್ಟರೆ ಒಬ್ಬರ ದೂರಿಗಿಂತ ಬೇಗ ಕೆಲಸ ಆಗುತ್ತೆ. ಹತ್ತರಲ್ಲಿ ಒಂಬತ್ತು ಮನೆ ಕಲಸಿ ಕೊಡುತ್ತಿದ್ದರೆ ಗಾಡಿಯವರಾದರೂ ಒಂದು ಮನೆಗಾಗಿ ಬೇರೆ ಜಾಗ ಎಲ್ಲಿಂದ ತರಬೇಕು? ಹಾಗಾಗಿ ಈ ಕೆಲಸ ಪಕ್ಕದ ಮನೆಯಿಂದಲೇ ಶುರುವಾಗಬೇಕು. ನಾನು ಮಾಡಿದ್ದು ಇಷ್ಟೇ, ಸಿದ್ಧವಾದ ಗೊಬ್ಬರ ಒಂದೊಂದು ಡಬ್ಬಿ ಅಕ್ಕಪಕ್ಕದವರಿಗೆ ಕೊಟ್ಟೆ. ಎರಡು ಮನೆಯವರು ಬಕೆಟ್ ತೂತು ಎಲ್ಲಿ ಹೊಡೆಸಿದಿರಿ ಅಂತ ಕೇಳಿಕೊಂಡು ಬಂದರು.

ಅಪಾರ್ಟ್‌ಮೆಂಟ್, ಹಾಸ್ಟೆಲ್, ಕಲ್ಯಾಣ ಮಂಟಪದವರಿಗೆ ಒಂದು ಸೂಚನೆ. ದಿನಕ್ಕೆ 100 ಕಿಲೋ ಕಸ, ಅಥವಾ 20,000 ಚದರ ಮೀಟರ್ ಕಟ್ಟಡ, ಅಥವಾ ದಿನಕ್ಕೆ 40,000 ಲೀಟರ್ ನೀರಿನ ಬಳಕೆ, ಇವುಗಳಲ್ಲಿ ಯಾವುದೇ ಒಂದು ಮಟ್ಟ ಮುಟ್ಟಿದರೂ ಹೊಸ ನಿಯಮದಲ್ಲಿ ನೀವು ದೊಡ್ಡ ಕಸ ಉತ್ಪಾದಕರು. ಹಸಿ ಕಸವನ್ನು ಆದಷ್ಟೂ ನಿಮ್ಮ ಆವರಣದಲ್ಲೇ ಗೊಬ್ಬರ ಮಾಡುವ ಹೊಣೆ ನಿಮ್ಮದು. ಸಂಘದ ಮುಂದಿನ ಸಭೆಯಲ್ಲೇ ಇದನ್ನು ಚರ್ಚೆಗೆ ಇಡಿ.

ಮನೆಯಲ್ಲಿ ಕಾರ್ಯ ಇದ್ದಾಗ

ವರ್ಷವಿಡೀ ಅಚ್ಚುಕಟ್ಟಾಗಿ ಬೇರೆ ಮಾಡಿದವರೂ ಮದುವೆ, ಸೀಮಂತ, ಗಣೇಶ ಹಬ್ಬದ ದಿನ ಕೈಚೆಲ್ಲುತ್ತಾರೆ. ನೂರಕ್ಕೂ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿ ಇಲ್ಲದ ಜಾಗದಲ್ಲಿ ಮಾಡುವುದಾದರೆ ಮೂರು ಕೆಲಸದ ದಿನ ಮೊದಲೇ ಪಾಲಿಕೆಗೆ ತಿಳಿಸಿ, ಕಸ ಬೇರೆ ಮಾಡಿ ಕೊಡಬೇಕು ಅಂತ 2016ರ ನಿಯಮದಲ್ಲೇ ಇತ್ತು. ಹೋಗಿ ತಿಳಿಸಿ, ಹೆಚ್ಚಿನ ಗಾಡಿ ಬೇಕಾದರೂ ಅದರಿಂದ ಅನುಕೂಲ. ಥರ್ಮೋಕೋಲ್ ಮತ್ತು ಪ್ಲಾಸ್ಟಿಕ್ ತಟ್ಟೆ-ಲೋಟಗಳು ನಮ್ಮ ರಾಜ್ಯದಲ್ಲಿ 2016ರಿಂದ, ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧದಲ್ಲಿವೆ. ಬಾಳೆಎಲೆ, ಪತ್ರಾವಳಿ ಹಾಕಿ, ಇಲ್ಲವೇ ಬಾಡಿಗೆಗೆ ಸಿಗುವ ಸ್ಟೀಲ್ ತಾಟು-ಲೋಟ ತರಿಸಿ.

ಉಂಡೆದ್ದ ಮೇಲೆ ಎಲೆ ಎತ್ತುವ ಜಾಗದಲ್ಲಿ ಎರಡು ಡ್ರಮ್ ಇಟ್ಟು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ. ಬೋರ್ಡು ಬರೆದು ಹಚ್ಚಿದರೆ ಯಾರೂ ಓದಲ್ಲ. ನಮ್ಮ ಮನೆಯ ನಾಮಕರಣದಲ್ಲಿ ಎರಡೂ ಡ್ರಮ್ಮಿನ ಹತ್ತಿರ ಅತ್ತೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ನೀರಿನ ಬಾಟ್ಲಿ ಈ ಕಡೆ ಹಾಕೋ ತಮ್ಮಾ, ಎಲಿ ಆ ಕಡೆ" ಅಂತ ಒಬ್ಬೊಬ್ಬರಿಗೂ ಹೇಳಿದರು. ಸಂಜೆ ಎಲೆಯ ಡ್ರಮ್ಮಿನಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಚಮಚ ಸಿಕ್ಕಿತು. ಅದನ್ನೂ ಅವರೇ ತೆಗೆದರು.